ಕನ್ನಡಿಯೊಳಗಿನ ಮೊಗ್ಗಿನ ಜಡೆ

ಕಳೆದ ಏಪ್ರಿಲ್‌ನ ಎರಡನೇ ಭಾನುವಾರ ಮಧ್ಯಾಹ್ನ, ಹೂವಿನಹಡಗಲಿಯ ನಮ್ಮ ಮನೆಯ ಪಡಸಾಲೆಯಲ್ಲಿ ನಡೆಯುತ್ತಿದ್ದ ಸಿನಿಮಾ ಚಿತ್ರೀಕರಣ ಅರ್ಧಕ್ಕೆ ನಿಂತಿತು. ಆಗ ಅಲ್ಲಿ ಕ್ಯಾಮೆರಾದವರು, ಮೇಕಪ್ಪಿನ ಹೆಂಗಸು, ಏಳು ವರ್ಷದ ಬಾಲನಟಿ, ಅವಳ ತಾಯಿ, ನಿರ್ದೇಶಕ ಮತ್ತು ನಾನು ಇದ್ದೆವು. ನಿಲ್ಲಿಸಿದ್ದು ನನ್ನ ಅಪ್ಪ. ನಿಲ್ಲಿಸಬೇಕೆಂದು ಅವನು ಬಂದಿರಲಿಲ್ಲ.

ಅಪ್ಪ ಮಕ್ಕಳ ಕಥೆಗಾರ. ಹರಪನಹಳ್ಳಿ, ಕೂಡ್ಲಿಗಿ, ಕೊಟ್ಟೂರು ಎಂದು ವರ್ಗವಾದ ಕಡೆಯೆಲ್ಲ ಪ್ರಾಥಮಿಕ ಶಾಲೆಯ ಮಾಸ್ತರನಾಗಿದ್ದು, ಹಡಗಲಿಯಲ್ಲಿ ನಿವೃತ್ತನಾದ. ಅವನ ಕಥೆಗಳಲ್ಲಿ ಒಬ್ಬಳೇ ಹುಡುಗಿ. ಅವಳ ಜಡೆಗೆ ಕಣ್ಣಿದೆ. ಬೆನ್ನ ಹಿಂದೆ ಯಾರು ಕಲ್ಲು ಎತ್ತಿದರು, ಯಾರು ಮಾವಿನಕಾಯಿ ಕದ್ದರು, ಯಾರು ಒಬ್ಬರೇ ಕೂತು ಅಳುತ್ತಿದ್ದಾರೆ ಎಂಬುದನ್ನು ಜಡೆ ಅವಳ ಕಿವಿಯಲ್ಲಿ ಹೇಳುತ್ತದೆ. ನಮ್ಮ ಕಡೆಯ ತಾಲ್ಲೂಕುಗಳಲ್ಲಿ ಅಜ್ಜಿಯಾದವರೂ ಆ ಕಥೆಗಳನ್ನು ಓದಿ ಬೆಳೆದವರು. ಹಗರಿಬೊಮ್ಮನಹಳ್ಳಿಯ ಕಚೇರಿಗಳಿಗೆ ನಾನು ಪತ್ರಿಕೆಯ ಸುದ್ದಿಗೆ ಹೋದರೆ ಮೊದಲ ಪ್ರಶ್ನೆ ಅದೇ ಇರುತ್ತದೆ.

“ನೀವು ಜಡಿ ಮಾಸ್ತರ ಮಗಳಲ್ಲೇನ್ರಿ?”

“ಹೌದ್ರಿ.”

“ಆ ಕಥಿಯೊಳಗಿನ ಹುಡುಗಿ ನೀವ ಏನ್ರಿ ಮತ್ತ?”

“ಅಲ್ರಿ.”

ಅದು ನನ್ನ ಅಕ್ಕ. ನಾನು ಹುಟ್ಟುವ ಮೊದಲೇ ಜ್ವರದಿಂದ ತೀರಿಕೊಂಡಳು. ಆಗ ಅವಳಿಗೆ ಏಳು ವರ್ಷ. ಅಪ್ಪನ ಎಲ್ಲ ಕಥೆಗಳಲ್ಲೂ ಅವಳಿಗೆ ಏಳೇ ವರ್ಷ. ನನಗೆ ಏಳು ದಾಟಿದ ಮೇಲೆ ಮನೆಯಲ್ಲಿ ಅವಳಿಗಿಂತ ನಾನೇ ದೊಡ್ಡವಳಾದೆ.

ಅವಳದ್ದು ಒಂದೇ ಫೋಟೋ ಇದೆ. ಬೇಸಿಗೆಯಲ್ಲಿ ಮಲ್ಲಿಗೆ ದಂಡಿಯಾಗಿ ಬರುವಾಗ ಹೆಣ್ಣುಮಕ್ಕಳಿಗೆ ಮೊಗ್ಗಿನ ಜಡೆ ಹಾಕಿಸಿ, ಸ್ಟುಡಿಯೋಗೆ ಕರೆದುಕೊಂಡು ಹೋಗಿ ಫೋಟೋ ತೆಗೆಸುವುದು ನಮ್ಮಲ್ಲಿ ರೂಢಿ. ಹಿಂದೆ ಕನ್ನಡಿ ನಿಲ್ಲಿಸುತ್ತಾರೆ. ಮುಂದೆ ಮುಖ, ಕನ್ನಡಿಯಲ್ಲಿ ಜಡೆ. ನಸುಕಿನಲ್ಲಿ ಬಿಡಿಸಿದ ಮೊಗ್ಗನ್ನು ಬೆಳಿಗ್ಗೆಯೇ ಹೊಲಿದು ಜಡೆ ಕಟ್ಟಿ, ಅರಳುವುದರೊಳಗೆ ಫೋಟೋ ಮುಗಿಸಬೇಕು. ಅರಳಿದರೆ ಸಾಲು ಕೆಟ್ಟು ಜಡೆಯ ಅಂದ ಹೋಗುತ್ತದೆ. ಅಕ್ಕನ ಫೋಟೋದ ಕನ್ನಡಿಯ ಅಂಚಿನಲ್ಲಿ ಅವ್ವನ ಸೀರೆಯ ತುದಿಯೂ ಬಂದಿದೆ. ಅದೇ ಬೇಸಿಗೆಯಲ್ಲಿ ಅಕ್ಕ ಹೋದಳು. ಅವ್ವ ಹೋಗಿ ಈಗ ಕೆಲವು ವರ್ಷಗಳಾದವು.

ನಿರ್ದೇಶಕನ ಮೊದಲ ಕಸುಬು ರಾಕ್ ಸಂಗೀತ. ಹರಪನಹಳ್ಳಿಯಲ್ಲಿ ಅವನ ಅಬ್ಬಾ ಲಾರಿ ಮೆಕ್ಯಾನಿಕ್ ಆಗಿದ್ದರು. ಗ್ಯಾರೇಜಿನ ಹಿಂದಿನ ಸಾಲಿನಲ್ಲಿ ನಮ್ಮ ಬಾಡಿಗೆ ಮನೆ ಇತ್ತು. ಶಾಲೆ ಬಿಟ್ಟ ಮೇಲೆ ಅವನು ಅಪ್ಪನ ಹತ್ತಿರ ಲೆಕ್ಕ ಕಲಿಯಲು ಬರುತ್ತಿದ್ದ. ಲೆಕ್ಕ ಹತ್ತಲಿಲ್ಲ, ಕಥೆ ಹತ್ತಿತು. ದೊಡ್ಡವನಾಗಿ ಬ್ಯಾಂಡ್ ಕಟ್ಟಿದ, ಸೊಂಟದವರೆಗೆ ಕೂದಲು ಬಿಟ್ಟ, ಗಿಟಾರ್ ಹಿಡಿದು ಊರೂರು ತಿರುಗಿದ. ವರ್ಷಕ್ಕೊಮ್ಮೆಯಾದರೂ ಬಂದು ಅಪ್ಪನ ಕಾಲ ಬಳಿ ಕೂರುತ್ತಿದ್ದ. ಒಮ್ಮೆ ತನ್ನ ಹಾಡನ್ನು ಮೊಬೈಲಿನಲ್ಲಿ ಕೇಳಿಸಿದ.

ಅಪ್ಪ ಪೂರ್ತಿ ಕೇಳಿ, “ನಿಮ್ಮಪ್ಪನ ಗ್ಯಾರೇಜಿನ್ಯಾಗ ಲಾರಿ ಚಾಲೂ ಆಗದಿದ್ರ ಹಿಂಗ ಸಪ್ಪಳ ಬರ್ತಿತ್ತಲ್ಲೋ” ಅಂದ.

“ಅಲ್ಲೇ ಕಲ್ತಿದ್ದು ಬಿಡ್ರಿ ಸರ್.”

“ಮತ್ತ ಈ ಕೂದಲು? ಬ್ಯಾಸಿಗಿಗೆ ಬಾ, ನಿನಗೂ ಒಂದು ಮೊಗ್ಗಿನ ಜಡಿ ಹಾಕಸ್ತೀನಿ.”

ಸಿನಿಮಾ ಮಾಡುತ್ತೇನೆಂದು ಅವನು ಬಂದದ್ದು ಆ ಏಪ್ರಿಲ್‌ಗೆ ಮುಂಚಿನ ದೀಪಾವಳಿಯ ಹೊತ್ತಿಗೆ. ಅಷ್ಟರಲ್ಲಿ ಅಪ್ಪನಿಗೆ ಮರೆವು ಶುರುವಾಗಿತ್ತು. ಬೆಳಿಗ್ಗೆ ಉಂಡದ್ದು ಮರೆಯುತ್ತಿದ್ದ, ನನ್ನ ಕೆಲಸ ಏನೆಂಬುದು ಕೆಲವು ದಿನ ಮರೆಯುತ್ತಿದ್ದ. ಹಳೆಯದು ಸದ್ಯಕ್ಕೆ ಉಳಿಯುತ್ತದೆ ಎಂದು ದಾವಣಗೆರೆಯ ಡಾಕ್ಟರ್ ಹೇಳಿದ್ದರು. ಉಳಿದಿತ್ತು. ಅಕ್ಕ ತೀರಿಕೊಂಡ ದಿನ ಯಾರು ಯಾರು ಬಂದಿದ್ದರು ಎಂದು ಅಪ್ಪ ಅಳದೆ ಹೇಳಬಲ್ಲವನಾಗಿದ್ದ. ಆ ಸಮಾಧಾನಕ್ಕೆ ಬರಲು ಅವನಿಗೆ ಬಹುಪಾಲು ಆಯಸ್ಸು ಬೇಕಾಗಿತ್ತು. ನಾನು ಕೆಡದಂತೆ ಕಾಯಬೇಕಾಗಿದ್ದದ್ದು ಆ ಸಮಾಧಾನವೊಂದನ್ನೇ.

ಗಿಟಾರಿನವನು ಮುಚ್ಚಿಡಲಿಲ್ಲ.

“ಸರ್, ಇದು ದೆವ್ವದ ಸಿನಿಮಾರಿ. ಒಬ್ಬ ಮಾಸ್ತರ್ ಕಥಿ ಬರೀತಾನ. ಬರದಂಗ ಬರದಂಗ ಫೋಟೋದಾಗಿನ ಕನ್ನಡಿಯೊಳಗ ಜಡಿ ಬೆಳೀತೈತಿ. ಒಂದಿನ ಕನ್ನಡಿಯೊಳಗಿನಾಕಿ ಈ ಕಡಿ ತಿರುಗ್ತಾಳ.”

ನಾನು, “ಲೇ ತಮ್ಮಾ, ನಮ್ಮಪ್ಪನ ಹೆಸರು ಕೇಳಿದ್ರ ಹುಡುಗರು ನಗ್ತಾರ. ಇನ್ನ ಅಂಜಬೇಕೇನು?” ಅಂದೆ.

“ಮೊದಲು ಅಂಜಿದಾವ ನಾನಕ್ಕಾ. ಲೆಕ್ಕ ಮಾಡಾಕ ಕುಂತಾಗ ಆ ಫೋಟೋನ ನೋಡ್ತಿದ್ದೆ. ಈಗ ತಿರುಗ್ತಾಳ, ಈಗ ತಿರುಗ್ತಾಳ ಅಂತ. ಅದಕ್ಕ ನನಗ ಲೆಕ್ಕ ಬರ್ಲಿಲ್ಲ.”

ಅಪ್ಪ ನಕ್ಕ. ಆಮೇಲೆ ಕುರ್ಚಿ ಎಳೆದು, ನಾನು ಹಿಡಿಯಲು ಬಂದರೂ ಬಿಡದೆ ಹತ್ತಿ, ಗೋಡೆಯ ಮೇಲಿದ್ದ ಫೋಟೋ ಇಳಿಸಿ, ಅಂಗಿಯ ತೋಳಿನಿಂದ ಗಾಜು ಒರೆಸಿ ಅವನ ಕೈಗೆ ಕೊಟ್ಟ.

“ನಾನೂ ಅದನ್ನ ನೋಡ್ತಿದ್ನಪಾ. ತಿರುಗಿದ್ರ ನನಗ ಹೇಳು.”

ಒಪ್ಪಿಗೆ ಅಪ್ಪನದ್ದು.

ಏಪ್ರಿಲ್‌ನಲ್ಲಿ ಅವರು ಬಂದರು. ಹಳೆಯ ಫೋಟೋ ಬೆಂಗಳೂರಿನ ಅವನ ಮನೆಯಲ್ಲೇ ಉಳಿದಿತ್ತು. ಅದರ ನಕಲು ನೋಡಿಕೊಂಡು ನಮ್ಮ ಓಣಿಯ ಹೂವಿನವಳು ಬಾಲನಟಿಗೆ ಬೆಳಿಗ್ಗೆ ಜಡೆ ಕಟ್ಟಿದಳು. ಹೋಗುವಾಗ “ಲಗೂನ ಮುಗಿಸ್ರಿ” ಎಂದು ಹೇಳಿಯೇ ಹೋದಳು. ಆದರೆ ಲೈಟು ಹೊಂದಿಸುವುದರಲ್ಲಿ ಮಧ್ಯಾಹ್ನವಾಯಿತು. ಕತ್ತಲೆ ಬೇಕೆಂದು ಕಿಟಕಿಗೆಲ್ಲ ಕರಿ ಬಟ್ಟೆ ಕಟ್ಟಿದ್ದರು. ಹೂ ಬಾಡದಿರಲಿ ಎಂದು ಮೇಕಪ್ಪಿನ ಹೆಂಗಸು ಮತ್ತೆ ಮತ್ತೆ ನೀರು ಚಿಮುಕಿಸಿದಳು. ಅವಳು ಬೇರೆ ಊರಿನವಳು, ನೀರಿಗೆ ಮೊಗ್ಗು ಬೇಗ ಬಿರಿಯುತ್ತದೆಂದು ಗೊತ್ತಿರಲಿಲ್ಲ. ಮುಚ್ಚಿದ ಕೋಣೆಯ ಕಾವು, ಮೇಲೆ ನೀರು. ಸಂಜೆಗೆ ಅರಳಬೇಕಾದ ಮೊಗ್ಗು ಮಗುವಿನ ಬೆನ್ನ ಮೇಲೆ ಬಿರಿಯತೊಡಗಿತು. ವಾಸನೆ ಮನೆ ತುಂಬಿತು.

ಅಪ್ಪ ಹಿಂದಿನ ಕೋಣೆಯಲ್ಲಿ ಮಲಗಿದ್ದ. ಚಿತ್ರೀಕರಣ ಅವನ ಕಣ್ಣಿಗೆ ಬೀಳಬಾರದೆಂದು ಊಟವಾದ ಮೇಲೆ ಮಲಗಿಸಿ ಬಾಗಿಲು ಮುಂದೆ ಮಾಡಿದ್ದೆ. ಸದ್ದಿಗೆ ಅವನು ಏಳುತ್ತಿರಲಿಲ್ಲ. ವಾಸನೆಗೆ ಎದ್ದು ಬಂದ.

ಬಾಲನಟಿ ಕನ್ನಡಿಯ ಮುಂದೆ ಲಂಗ ಹರಡಿಕೊಂಡು ಕೂತಿದ್ದಳು. ಅಪ್ಪ ಲೈಟಿನೊಳಗೆ ನಡೆದುಕೊಂಡು ಹೋಗಿ ಅವಳ ಜಡೆ ಮುಟ್ಟಿದ.

“ಅರಳಾಕ ಹತ್ಯಾವಲ್ಲೇ ಯವ್ವಾ. ಇನ್ನೂ ಫೋಟೋ ಹೊಡದಿಲ್ಲೇನು? ನಿಮ್ಮವ್ವ ಎಲ್ಲೆದಾಳ?”

ಮಗು ತನ್ನ ತಾಯಿಯ ಕಡೆ ಕೈ ತೋರಿಸಿತು. ಅಪ್ಪ ಆ ಕಡೆ ನೋಡಿದ. ತನಗೆ ಬೇಕಾದವಳು ಅಲ್ಲಿ ಕಾಣದೆ ಕ್ಯಾಮೆರಾದವನ ಕಡೆ ತಿರುಗಿದ.

“ಲಗೂ ಹೊಡೀರಿ. ಆಕಿಗೆ ಮೈ ಬೆಚ್ಚಗ ಐತಿ. ಮನಿಗೆ ಕರ್ಕೊಂಡು ಹೋಗಬೇಕು.”

ಫೋಟೋದ ದಿನವೇ ಅಕ್ಕನ ಮೈ ಬೆಚ್ಚಗಿತ್ತು ಎಂಬುದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಅವ್ವ ಹೇಳಿರಲಿಲ್ಲ. ಅಪ್ಪ ಬರೆದಿರಲಿಲ್ಲ.

ಗಿಟಾರಿನವನು ಎದ್ದು ಹೋಗಿ ಲೈಟು ಆರಿಸಿದ. ಕತ್ತಲೆಯಲ್ಲಿ ಅವನ ಧ್ವನಿ ಕೇಳಿತು. “ಆತ್ರಿ ಸರ್. ಹೊಡದ್ವಿ. ಬರ್ರಿ.”

ಆ ಸಂಜೆ ಅಪ್ಪ ಕೇಳಿದ, “ಆಕಿ ಎಲ್ಲಿ ಹೋಗ್ಯಾಳ?”

“ಯಾರಪಾ?”

“ನಿಮ್ಮಕ್ಕ.”

ಸಾವಿನ ಸುದ್ದಿಯನ್ನು ಸುತ್ತಿಬಳಸಿ ಬರೆಯಬಾರದು ಎಂಬುದು ನಮ್ಮ ಪತ್ರಿಕೆಯಲ್ಲಿ ನಾನು ಮೊದಲು ಕಲಿತ ಪಾಠ. ಹಾಗೇ ಹೇಳಿದೆ. “ಅಕ್ಕ ತೀರಿಕೊಂಡಾಳಪಾ.”

ಅಪ್ಪ ಗೋಡೆ ಹಿಡಿದುಕೊಂಡ. “ಯಾವಾಗ?”

“ಬಾಳ ವರ್ಷ ಆತು.”

“ನನಗ್ಯಾಕ ಯಾರೂ ಹೇಳ್ಲಿಲ್ಲ?”

ಆಮೇಲೆ ಅವನು ಅತ್ತ ರೀತಿಯನ್ನು ನಾನು ಹಿಂದೆ ಕಂಡಿರಲಿಲ್ಲ. ನಾನು ಹುಟ್ಟುವ ಮೊದಲು ಅವ್ವ ಕಂಡಿರಬೇಕು. ಮರುದಿನ ಬೆಳಿಗ್ಗೆ ಚಹಾ ಕುಡಿಯುತ್ತಾ ಮತ್ತೆ ಕೇಳಿದ. ಮತ್ತೆ ಹೇಳಿದೆ. ಮತ್ತೆ ಗೋಡೆ ಹಿಡಿದ, ಮತ್ತೆ ಅದೇ ಮಾತು, ನನಗ್ಯಾಕ ಯಾರೂ ಹೇಳ್ಲಿಲ್ಲ. ಮೂರನೇ ಸಲ ಕೇಳಿದಾಗ, “ಫೋಟೋ ತೆಗಸಾಕ ಹೋಗ್ಯಾಳ” ಅಂದೆ.

“ಹೌದೇನು” ಎಂದು ಅಪ್ಪ ತಟ್ಟೆಯಲ್ಲಿದ್ದ ಮಂಡಕ್ಕಿ ತಿಂದ.

ಅಂದಿನಿಂದ ನಮ್ಮ ಮನೆಯಲ್ಲಿ ಅಕ್ಕ ಫೋಟೋ ತೆಗೆಸಲು ಹೋಗಿದ್ದಾಳೆ. ಹೂವಿನವಳಿಗೆ, ಪಕ್ಕದ ಮನೆಯವರಿಗೆ, ಅಪ್ಪನನ್ನು ನೋಡಲು ತೆಲಿಗಿಯಿಂದ ಬರುವ ಹಳೆಯ ವಿದ್ಯಾರ್ಥಿಗಳಿಗೆ ಬಾಗಿಲಲ್ಲೇ ಹೇಳಿ ಒಳಗೆ ಬಿಡುತ್ತೇನೆ. ಎಲ್ಲರೂ ಅದನ್ನೇ ಹೇಳುತ್ತಾರೆ. ಒಬ್ಬರು ಮಾತ್ರ “ಪಾಪ, ಎಷ್ಟೊತ್ತಾತು ಹೋಗಿ” ಎಂದು ಸೇರಿಸಿದರು. ಅಪ್ಪ ಅವತ್ತು ಪೂರ್ತಿ ಬಾಗಿಲಲ್ಲೇ ಕೂತಿದ್ದ.

ಮಳೆಗಾಲದಲ್ಲಿ ಗಿಟಾರಿನವನು ಹಳೆಯ ಫೋಟೋ ವಾಪಸ್ ತಂದ. ಕೂದಲು ಕತ್ತರಿಸಿದ್ದ. ಅಪ್ಪನಿಗೆ ಗುರುತು ಸಿಗಲಿಲ್ಲ.

“ನೀವು ಸ್ಟುಡಿಯೋದವರೇನ್ರಿ?”

ಅವನು ನನ್ನ ಕಡೆ ನೋಡಿದ. “ಹೌದ್ರಿ ಸರ್. ಫೋಟೋ ತಂದೀನಿ.”

ಅಪ್ಪ ಫೋಟೋವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. ಕನ್ನಡಿಯ ಅಂಚಿನ ಸೀರೆಯ ಮೇಲೆ ಬೆರಳಿಟ್ಟ.

“ಚಲೋ ಬಂದೈತ್ರಿ. ಆಕಿ ಎಲ್ಲಿ? ನಿಮ್ಮ ಜೊತಿಗೆ ಬರ್ಲಿಲ್ಲೇನು?”

ಗಿಟಾರಿನವನು ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತ. ಉತ್ತರ ನಾನೇ ಕೊಟ್ಟೆ. “ಹಾದ್ಯಾಗ ಅದಾಳ, ಬರ್ತಾಳ” ಅಂದೆ. ಚಹಾ ತೆಗೆದುಕೊಂಡು ಕಟ್ಟೆಗೆ ಹೋದಾಗ ಅವನು ಹೇಳಿದ, “ಕನ್ನಡಿಯೊಳಗಿಂದ ತಿರುಗೋ ಸೀನ್ ಇನ್ನ ಮಾಡಾಕ ಆಗಂಗಿಲ್ಲಕ್ಕಾ. ಅದಿಲ್ಲಂದ್ರ ಸಿನಿಮಾ ಇಲ್ಲ.” ಚಹಾ ಆರಿತು. ಕೊಟ್ಟೂರಿನ ಬಸ್ಸಿಗೆ ಹೊತ್ತಾಯಿತೆಂದು ಎದ್ದು ಹೋದ.

ಸಿನಿಮಾ ಇದುವರೆಗೆ ಮುಗಿದಿಲ್ಲ. ಫೋಟೋ ಗೋಡೆಗೆ ಹೋಗಿಲ್ಲ, ಅಪ್ಪನ ದಿಂಬಿನ ಪಕ್ಕದಲ್ಲಿದೆ. ನಿನ್ನೆ ಸಂಜೆ ಹೂವಿನವಳು ಬಂದಾಗ ಅಪ್ಪ ಒಂದು ಜಡೆಗಾಗುವಷ್ಟು ಮೊಗ್ಗು ಕೇಳಿದ. ಈಗ ಅಷ್ಟು ಮೊಗ್ಗು ಸಿಗುವುದಿಲ್ಲ, ಬೇಸಿಗೆಗೆ ತರುತ್ತೇನೆ ಎಂದು ಆಕೆ ಹೇಳಿದಳು. ಬೇಸಿಗೆಗೆ ಮರೆಯದೆ ತರಬೇಕೆಂದು ಅಪ್ಪ ಹೇಳಿದ.