ಧಮ್ಮಶೀಲಾಳ ಕಾಲು

ಕೊಹೀರ್ ಸ್ಟೇಷನ್ನಿನ ಆಚೆ, ಹಳಿಗೆ ಹತ್ತಿಕೊಂಡಂತಿರುವ ಗಲ್ಲಿಯಲ್ಲಿ ಧಮ್ಮಶೀಲಾಳ ಮನೆ. ಗಂಡ ಬಕ್ಕಪ್ಪ ರೈಲ್ವೆ ಗ್ಯಾಂಗ್‌ಮನ್ ಆಗಿದ್ದವನು, ಹಳಿಯ ಬೋಲ್ಟು ಬಡಿದು ನೋಡುತ್ತಲೇ ಆಯುಷ್ಯ ಕಳೆದವನು. ರಿಟೈರಾದ ಮೇಲೆ ಮರೆವು ಹಿಡಿಯಿತು. ಮೊದಲು ಅಂಗಡಿಯ ದಾರಿ ಮರೆತ, ಆಮೇಲೆ ಮದುವೆಯಾಗಿ ದೂರದ ಊರಿಗೆ ಹೋದ ಮಗಳ ಹೆಸರು. ಉಳಿದದ್ದು ಡ್ಯೂಟಿಯೊಂದೇ. ಬೆಳಗಾದರೆ ಕೋಲು ಹಿಡಿದು ಹಳಿಗುಂಟ ಹೊರಡುತ್ತಿದ್ದ, ತಡೆದರೆ ಬಡಿಯುತ್ತಿದ್ದ. ಹಾಗಾಗಿ ಅವಳೂ ಹಿಂದೆ ನಡೆಯುತ್ತಿದ್ದಳು. ರೈಲಿನ ಸದ್ದು ಕೇಳಿದರೆ ರಟ್ಟೆ ಹಿಡಿದು ಕೆಳಗೆಳೆಯುತ್ತಿದ್ದಳು.

ಅವಳಿಗೆ ಸಕ್ಕರೆ ಕಾಯಿಲೆ. ಗೋಳಿ-ಔಷಧ ತರಲು ಜಹೀರಾಬಾದಿಗೆ ಹೋಗಬೇಕು. ಅಷ್ಟು ಹೊತ್ತು ಗಂಡನನ್ನು ಯಾರ ಕೈಗೆ ಕೊಡುವುದು? ಗೋಳಿ ನಿಂತವು. ಬೆಳಗಿನ ರೊಟ್ಟಿ ಮಧ್ಯಾಹ್ನಕ್ಕೆ ಬಿತ್ತು. ಜಲ್ಲಿಕಲ್ಲು ತಾಗಿ ಹಿಮ್ಮಡಿಯಲ್ಲಾದ ಗಾಯಕ್ಕೆ ಅರಿಶಿನ ಮೆತ್ತಿ, ಬಟ್ಟೆ ಸುತ್ತಿ, ಅದರ ಮೇಲೆಯೇ ನಡೆದಳು.

ಓಣಿಗೆ ಬರುತ್ತಿದ್ದ ನರ್ಸ್ ಕೌಶಲ್ಯಾ ಒಂದು ದಿನ ಆ ಬಟ್ಟೆ ಬಿಚ್ಚಿಸಿದಳು. ವಾಸನೆಗೆ ಮುಖ ಕಿವುಚಿದಳು.

“ನೋವಾಗಲ್ಲೇನ್ರಿ ಇದು?”

“ಏನೂ ಗೊತ್ತಾಗಲ್ಲವ್ವ. ಅದಕ್ಕೇ ನಡೀತೀನಿ.”

“ಗೊತ್ತಾಗಲಾರದ್ದೇ ಕೆಟ್ಟದ್ದು. ನಾಳಿಗೇ ದವಾಖಾನಿಗೆ ನಡೀರಿ. ನೀವು ಬಿದ್ರ ಅವರನ್ನ ಯಾರು ನೋಡ್ತಾರ? ಬಾಜೂ ಮನ್ಯಾಗ ಮೈದುನ ಹಾನಲ್ಲ, ಒಂದೊಪ್ಪತ್ತು ಅವನ ಕಡಿ ಬಿಡ್ರಿ.”

ಧಮ್ಮಶೀಲಾ ಒಪ್ಪಲಿಲ್ಲ. ಬಕ್ಕಪ್ಪ ಬಟ್ಟೆಯಲ್ಲೇ ಎಲ್ಲ ಮಾಡಿಕೊಳ್ಳುತ್ತಿದ್ದ. ಅದನ್ನು ಮೈದುನ ಆತ್ಮಾರಾಮನಾಗಲಿ, ಅವನ ಹೆಂಡತಿ ಸುಮಿತ್ರಾಬಾಯಿಯಾಗಲಿ ನೋಡಬಾರದು. ಗಲ್ಲಿಗೆ ಮೊದಲ ಸರ್ಕಾರಿ ನೌಕರಿ ತಂದ ಮನುಷ್ಯ ತನ್ನ ಗಂಡ.

ಅಷ್ಟರಲ್ಲಿ ಪ್ರತ್ಯೇಕ ತೆಲಂಗಾಣ ರಾಜ್ಯಕ್ಕಾಗಿ ದೊಡ್ಡ ಮುಷ್ಕರ ಶುರುವಾಯಿತು. ಬಸ್ಸುಗಳು ನಿಂತವು. ಆಮೇಲೆ ರೈಲ್ ರೋಕೋ ಎಂದರು. ಅಂದು ಅವಳ ಮೈ ಸುಡುತ್ತಿತ್ತು. ರೈಲೇ ಬಾರದ ಮೇಲೆ ಹೆದರಿಕೆ ಎಲ್ಲಿಯದು ಎಂದುಕೊಂಡು, ಮೊದಲ ಸಲ ಗಂಡನೊಬ್ಬನನ್ನೇ ಬಿಟ್ಟು ಮಲಗಿದಳು.

ಹಳಿಯ ಮೇಲೆ ಕುಳಿತ ಜನರನ್ನು ಕಂಡು ಬಕ್ಕಪ್ಪ ಕಿರುಚಾಡಿದನಂತೆ: “ಏಳ್ರೋ, ಗಾಡಿ ಬರ್ತದ!” ಯಾರೋ ನಕ್ಕು ಅವನನ್ನೂ ಕೂಡಿಸಿಕೊಂಡರು. ಪೊಲೀಸರು ಬಂದು ಎಲ್ಲರ ಜೊತೆ ಅವನನ್ನೂ ವ್ಯಾನಿಗೆ ಹತ್ತಿಸಿದರು. ಸುದ್ದಿ ಹೇಳಲು ಆತ್ಮಾರಾಮ ಓಡಿಬಂದಾಗ ಅತ್ತಿಗೆಗೆ ಎಚ್ಚರವಿರಲಿಲ್ಲ. ಪಾದ ಕಪ್ಪಾಗಿ, ಕಾಲು ಮೊಣಕಾಲಿನವರೆಗೆ ಊದಿತ್ತು.

ಬಾಡಿಗೆ ಜೀಪಿನಲ್ಲಿ, ರಸ್ತೆಗೆ ಅಡ್ಡವಿಟ್ಟ ಕಲ್ಲು ಸರಿಸುತ್ತ ಜಹೀರಾಬಾದಿಗೆ, ಅಲ್ಲಿಂದ ಹೈದರಾಬಾದಿಗೆ ಒಯ್ದರು. ಜೀವ ಉಳಿಯಿತು. ಕಾಲನ್ನು ಮೊಣಕಾಲಿನ ಮೇಲೆಯೇ ಕತ್ತರಿಸಬೇಕಾಯಿತು.

ಪೊಲೀಸರು ಬಿಟ್ಟ ಬಕ್ಕಪ್ಪನನ್ನು ಅಷ್ಟು ದಿನವೂ ಸುಮಿತ್ರಾಬಾಯಿ ನೋಡಿಕೊಂಡಿದ್ದಳು. ಧಮ್ಮಶೀಲಾ ಮರಳಿದಾಗ ಅವನು ಸ್ನಾನ ಮಾಡಿ ಹೊರಸಿನ ಮೇಲೆ ಕೂತಿದ್ದ.

“ನಿನ್ನ ಕೈಲಿ ಇದೆಲ್ಲಾ ಮಾಡಿಸ್ಕೊಳ್ಳಾದು ಆತಲ್ಲ,” ಎಂದು ಧಮ್ಮಶೀಲಾ ಸುಮಿತ್ರಾಬಾಯಿಯ ಮುಂದೆ ಅತ್ತಳು.

“ಒಂದ್ಸಲ ಕರದಿದ್ರ ಬರ್ತಿದ್ದೆ ಅಕ್ಕಾ. ನಿಮ್ಮ ಬಾಗಲಾ ಯಾವಾಗ್ಲೂ ಮುಚ್ಚಿರ್ತಿತ್ತು. ನಾನೂ ಬಡೀಲಿಲ್ಲ,” ಎಂದಳು ಸುಮಿತ್ರಾಬಾಯಿ.

ಬಕ್ಕಪ್ಪ ಹೆಂಡತಿಯ ಕಡೆ ನೋಡಿ, “ಈ ಹೆಣ್ಮಗಳು ಯಾರು?” ಎಂದ.

ಆಮೇಲೆ ಕೌಶಲ್ಯಾಳೇ ಅವಳನ್ನು ಆಟೋದಲ್ಲಿ ದವಾಖಾನೆಗೆ ಕರೆದೊಯ್ಯತೊಡಗಿದಳು. ಗಂಡನಿಗೆ ಉಣಿಸುವ ಮೊದಲು ತಾನು ಉಂಡು ಗೋಳಿ ನುಂಗಬೇಕೆಂದು ತಾಕೀತಾಯಿತು. ಮೊದಮೊದಲು ಅವನ ತಟ್ಟೆಯನ್ನು ಪಕ್ಕದಲ್ಲಿ ಮುಚ್ಚಿಟ್ಟುಕೊಂಡೇ ಉಣ್ಣುತ್ತಿದ್ದಳು.

ತೆಲಂಗಾಣ ರಾಜ್ಯ ಬರುವ ಮುಂಚಿನ ಚಳಿಗಾಲದಲ್ಲಿ ಬಕ್ಕಪ್ಪನಿಗೆ ಎದೆಯಲ್ಲಿ ಕಫ ಕಟ್ಟಿತು. ಧಮ್ಮಶೀಲಾ, ಸುಮಿತ್ರಾಬಾಯಿ ಇಬ್ಬರೂ ಪಾಳಿಯ ಮೇಲೆ ಅವನ ಬಳಿ ಕೂತರು. ಒಂದು ಮಧ್ಯಾಹ್ನ ಧಮ್ಮಶೀಲಾಳಿಗೆ ನಿದ್ದೆ ಹತ್ತಿದ ಹೊತ್ತಿನಲ್ಲಿ ಅವನ ಉಸಿರು ನಿಂತಿತು. ಸುಮಿತ್ರಾಬಾಯಿ ಅವನ ಕಣ್ಣು ಮುಚ್ಚಿದಳು. ಇನ್ನೊಂದಿಷ್ಟು ನಿದ್ದೆ ಮಾಡಲೆಂದು ಅಕ್ಕನನ್ನು ತಕ್ಷಣ ಎಬ್ಬಿಸಲಿಲ್ಲ.