ಅಡುಗೆಮನೆಯ ಫೋಟೋ ಫ್ರೇಮ್

ದೆವ್ವ, ದೃಷ್ಟಿ, ಶಕುನ ಎಂದರೆ ನನಗೆ ಮೊದಲಿನಿಂದಲೂ ಮೈ ಉರಿಯುತ್ತದೆ. ನಮ್ಮಲ್ಲಿ ದನ ಹಾಲು ಕೊಡದಿದ್ದರೂ ಪ್ರಶ್ನೆ ಕೇಳಲು ಜೋಯಿಸರ ಮನೆಗೆ ಓಡುವವರಿದ್ದಾರೆ. ಅವರನ್ನು ಕಂಡು ನಗುತ್ತಿದ್ದೆ, ಈಗಲೂ ನಗುತ್ತೇನೆ. ಹಾಗಾಗಿ ಮುಂದಿನದನ್ನು ಓದಿ, ಇವಳಿಗೂ ಆ ಮರುಳು ಹಿಡಿಯಿತು ಎಂದುಕೊಳ್ಳಬೇಡಿ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ. ನಂಬುವುದು, ಬಿಡುವುದು ನಿಮಗೆ ಸೇರಿದ್ದು.

ಸಿದ್ಧಕಟ್ಟೆಯ ಮನೆಯಲ್ಲಿ ಕುಳಿತು ನಾನು ಮದುವೆ ವಿಡಿಯೋ ಎಡಿಟ್ ಮಾಡುತ್ತೇನೆ. ಒಂದು ವಿಡಿಯೋ ತಯಾರಾಗಲು ಕಂಪ್ಯೂಟರ್ ಗಂಟೆಗಟ್ಟಲೆ ಒದ್ದಾಡುತ್ತದೆ, ಬಿಸಿಯೇರಿದರೆ ನಡುವೆಯೇ ನಿಂತುಬಿಡುತ್ತದೆ. ಅದರ ಮುಂದೆ ಕಾದು ಕುಳಿತರೆ ಅನ್ನ ಬೇಯಿಸುವವರು ಯಾರು? ಅಣ್ಣ ದುಬೈಯಿಂದ ತಂದಿದ್ದ ಅಗ್ಗದ ಡಿಜಿಟಲ್ ಫೋಟೋ ಫ್ರೇಮ್ ಒಂದು ಕಪಾಟಿನಲ್ಲಿ ಬಿದ್ದಿತ್ತು. ಅದರೊಳಗಿನ ಪ್ರೋಗ್ರಾಂ ಬದಲಾಯಿಸಿ, ಉದ್ದದ ಕೇಬಲನ್ನು ಕಿಟಕಿಯಿಂದ ಅಡುಗೆಮನೆಗೆ ಎಳೆದು, ಒಗ್ಗರಣೆ ಡಬ್ಬಿಯ ಪಕ್ಕ ಇಟ್ಟೆ. ಕಂಪ್ಯೂಟರಿನ ಬಿಸಿ ಎಷ್ಟು, ಫ್ಯಾನ್ ತಿರುಗುತ್ತಿದೆಯೇ, ಕೆಲಸ ಎಷ್ಟು ಮುಗಿಯಿತು, ಎಲ್ಲವೂ ಅದರಲ್ಲಿ ಕಾಣುತ್ತಿತ್ತು. ಬಿಸಿ ಮಿತಿಮೀರಿದರೆ ಅಂಕಿ ಕೆಂಪಾಗುತ್ತಿತ್ತು. ಯಾರ ಸಹಾಯವೂ ಇಲ್ಲದೆ, ನೆಟ್ ನೋಡಿ ನೋಡಿ ನಾನೇ ಮಾಡಿದ್ದು.

ಮೂರು ವರ್ಷದ ಹಿಂದೆ ಹೊಸ ಕಂಪ್ಯೂಟರ್ ತೆಗೆದುಕೊಂಡಾಗ ಹಳೆಯದನ್ನು ಶಿರ್ತಾಡಿಯ ಗೆಳತಿ ಝುಬೈದಾಳಿಗೆ ಕೊಟ್ಟೆ. ಮೂಡುಬಿದಿರೆಯಲ್ಲಿ ಒಟ್ಟಿಗೆ ಕಂಪ್ಯೂಟರ್ ಕಲಿತವರು ನಾವು. ಅವಳ ಗಂಡ ಕತಾರಿನಲ್ಲಿದ್ದಾರೆ. ಆಗ ಎರಡು ವರ್ಷದವನಾಗಿದ್ದ ಮಗನನ್ನು ನೋಡಿಕೊಂಡೇ ಮನೆಯಲ್ಲಿ ಆಮಂತ್ರಣ ಪತ್ರಿಕೆ ಮಾಡಿಕೊಡುವ ಆಸೆ ಅವಳಿಗಿತ್ತು. ಫ್ರೇಮ್ ಮಾತ್ರ ನನ್ನಲ್ಲೇ ಉಳಿಯಿತು. ಹೊಸ ಕಂಪ್ಯೂಟರಿಗೆ ಅದು ಒಗ್ಗಲಿಲ್ಲ. ಮೊಬೈಲ್ ಚಾರ್ಜರಿಗೆ ಸಿಕ್ಕಿಸಿದರೆ ಬರಿ ಬಿಳಿ ಬೆಳಕು, ಅಷ್ಟೆ.

"ಅದನ್ನು ಬಿಸಾಡು ಮಾರಾಯ್ತಿ, ಮಿಕ್ಸಿಗೆ ಪ್ಲಗ್ ಇಲ್ಲ," ಎಂದು ನಮ್ಮವರು ದಿನಾ ಗೊಣಗುತ್ತಿದ್ದರು.

"ಮಿಕ್ಸಿಯಲ್ಲಿ ಅರೆಯುವುದು ನೀವಾ? ನನಗೆ ಒಗ್ಗರಣೆಗೆ ಬೆಳಕು ಬೇಕು," ಎನ್ನುತ್ತಿದ್ದೆ. ಬೆಳಕೂ ಇಲ್ಲ, ಮಣ್ಣೂ ಇಲ್ಲ. ನಾನು ಮಾಡಿದ್ದನ್ನು ಬಿಸಾಡಲು ಇವರು ಯಾರು ಎಂಬ ಹಠ.

ಹೀಗೆ ಕೆಲವು ತಿಂಗಳು ಕಳೆದ ಮೇಲೆ ಒಂದು ಮಧ್ಯಾಹ್ನ ಬಂಗುಡೆ ಸಾರಿಗೆ ಮಸಾಲೆ ಅರೆಯಬೇಕಿತ್ತು. ಫ್ರೇಮಿನ ಚಾರ್ಜರನ್ನು ಗೋಡೆಯಿಂದ ಕಿತ್ತು ಎಡಗೈಯಲ್ಲಿ ಹಿಡಿದುಕೊಂಡು, ಬಲಗೈಯಿಂದ ಮಿಕ್ಸಿಯ ಪ್ಲಗ್ ಸಿಕ್ಕಿಸುತ್ತಿದ್ದೆ. ಫ್ರೇಮ್ ಕಪ್ಪಾಯಿತು. ಮರುಕ್ಷಣ ತಾನಾಗಿ ಬೆಳಗಿತು. ಬಿಳಿ ಬೆಳಕಲ್ಲ, ಹಿಂದಿನ ಅಂಕಿಗಳು. ಫ್ಯಾನ್ ಸೊನ್ನೆ. ಬಿಸಿ ಎಂಬತ್ತೊಂಬತ್ತು. ನೋಡುತ್ತಿದ್ದ ಹಾಗೆ ತೊಂಬತ್ತಾಯಿತು, ತೊಂಬತ್ತೊಂದಾಯಿತು. ಎಲ್ಲ ಕೆಂಪು.

ನಿಜ ಹೇಳಬೇಕೆಂದರೆ ಮೊದಲು ಬಂದದ್ದು ಹೆದರಿಕೆ ಅಲ್ಲ, ಸಿಟ್ಟು. ಯಾವ ಕಂಪ್ಯೂಟರಿನ ಲೆಕ್ಕ ಇದು? ಹಾಗೆ ಕೇಳಿಕೊಂಡದ್ದೇ ತಡ, ಈ ಫ್ರೇಮಿಗೆ ಒಗ್ಗಿದ್ದು ಆ ಹಳೆಯ ಕಂಪ್ಯೂಟರ್ ಒಂದೇ ಎಂದು ಹೊಳೆಯಿತು. ಝುಬೈದಾಳಿಗೆ ಫೋನ್ ಮಾಡಿದೆ.

"ಕಂಪ್ಯೂಟರ್ ಆನ್ ಉಂಟಾ?"

"ಉಂಟು. ಪ್ರಿಂಟಿಗೆ ಕೊಟ್ಟು ಬಟ್ಟೆ ಒಣಗಿಸ್ಲಿಕ್ಕೆ ಟೆರೇಸಿಗೆ ಬಂದೆ. ಎಂತ?"

"ಮಗು ಎಲ್ಲಿ?"

"ಅದೇ ಕೋಣೆಯಲ್ಲಿ ಮಲಗಿದ್ದಾನೆ. ಎಂತಾಯ್ತು ಮಾರಾಯ್ತಿ?"

"ಮೊದಲು ಕೆಳಗೆ ಓಡು!"

ಫೋನ್ ಕೈಯಲ್ಲಿ ಹಿಡಿದೇ ಓಡಿದಳು. ಮೆಟ್ಟಿಲ ಸದ್ದು, ಬಾಗಿಲ ಸದ್ದು, ಆಮೇಲೆ ಅವಳ ಕಿರುಚಾಟ. ಮಗ ಫ್ಯಾನಿಗೆ ಬೆರಳು ಹಾಕುತ್ತಾನೆಂದು ಅವಳು ಸಿಪಿಯುವಿಗೆ, ಹಿಂದೆ ಟಿ.ವಿ.ಗೆ ಹೊದಿಸುತ್ತಿದ್ದ ಹಾಗೆ, ಝಾಲರಿನ ಬಟ್ಟೆ ಹೊದಿಸಿದ್ದಳು. ಆ ಬಟ್ಟೆ ಹೊತ್ತಿಕೊಂಡು ಕೋಣೆ ತುಂಬ ಹೊಗೆ. ಮಗುವನ್ನು ಎತ್ತಿ ಅಂಗಳಕ್ಕೆ ತಂದಳು. ಅದು ಕೆಮ್ಮಿದ್ದು ಫೋನಿನಲ್ಲಿ ಕೇಳಿಸಿತು. ನಾನು ಅಡುಗೆಮನೆಯ ನೆಲದಲ್ಲೇ ಕುಳಿತು ಅತ್ತುಬಿಟ್ಟೆ. ತಲೆಯೆತ್ತಿ ನೋಡಿದಾಗ ಫ್ರೇಮ್ ಕಪ್ಪಾಗಿತ್ತು. ಅದರ ಚಾರ್ಜರ್ ಇನ್ನೂ ನನ್ನ ಎಡಗೈಯಲ್ಲೇ ಇತ್ತು.

"ಅದರಲ್ಲಿ ಎಂತದೋ ಉಂಟು, ಒಮ್ಮೆ ಪ್ರಶ್ನೆ ಕೇಳುವ," ಎಂದರು ಅತ್ತೆ. ಹಳೆಯ ಅಂಕಿ ಮೆಮೊರಿಯಲ್ಲಿ ಉಳಿದಿರಬೇಕು, ಮಿಕ್ಕಿದ್ದೆಲ್ಲ ಕಾಕತಾಳೀಯ ಎಂದರು ನಮ್ಮವರು. ಕರೆಂಟ್ ಎಲ್ಲಿಂದ ಬಂತು ಎಂದು ಕೇಳಿದರೆ ಎದ್ದು ಹೊರಗೆ ಹೋದರು. ಒಳಗೆ ಬ್ಯಾಟರಿ ಇರಬಹುದು ಎಂದು ಮೂಡುಬಿದಿರೆಯ ರಿಪೇರಿ ಅಂಗಡಿಗೆ ಒಯ್ದೆ. ಅವನು ಬಿಚ್ಚಿ ನೋಡಿ, ಬ್ಯಾಟರಿ ಎಂಬುದೇ ಇಲ್ಲ ಎಂದು ಮುಚ್ಚಿಕೊಟ್ಟ.

ಹೇಗಾಯಿತು ಎಂದು ನನಗೂ ಗೊತ್ತಿಲ್ಲ. ಗೊತ್ತಿಲ್ಲ ಎನ್ನಲು ನಾಚಿಕೆಯೂ ಇಲ್ಲ. ಜೋಯಿಸರಲ್ಲಿಗೆ ಹೋಗಲಿಲ್ಲ, ಫ್ರೇಮನ್ನು ಬಿಸಾಡಲೂ ಇಲ್ಲ. ಸುಟ್ಟ ಕಂಪ್ಯೂಟರ್ ಗುಜರಿಗೆ ಹೋಯಿತು. ಝುಬೈದಾಳ ಮಗ ಈಗ ಶಾಲೆಗೆ ಹೋಗುತ್ತಾನೆ, ನಮ್ಮ ಮನೆಗೆ ಬಂದರೆ ಹಪ್ಪಳದ ಡಬ್ಬಿ ಖಾಲಿ ಮಾಡದೆ ಏಳುವುದಿಲ್ಲ. ಫ್ರೇಮ್ ಒಗ್ಗರಣೆ ಡಬ್ಬಿಯ ಪಕ್ಕದಲ್ಲೇ ಇದೆ. ಮತ್ತೆಂದೂ ಅದು ಅಂಕಿ ತೋರಿಸಿಲ್ಲ.

ಮನೆಗೆ ಬಂದ ಜಾಣರು ಯಾರಾದರೂ ಇದನ್ನು ವಿವರಿಸಲು ಹೊರಟರೆ, ಆ ಚಾರ್ಜರನ್ನು ಕಿತ್ತು ಅವರ ಎಡಗೈಗೆ ಕೊಡುತ್ತೇನೆ. "ಹೀಗೆ ಹಿಡಿದುಕೊಳ್ಳಿ. ಹ್ಞಾಂ, ಈಗ ಹೇಳಿ," ಎನ್ನುತ್ತೇನೆ.