ದೋಣಿಯ ತಳದ ಮೂರು ತೂತು

ನನ್ನ ಮೊಮ್ಮಗಳು ಇವತ್ತು ಒಬ್ಬಳೇ ದೋಣಿಯಲ್ಲಿ ಕೂತು, ಹುಟ್ಟು ಹಾಕಿಕೊಂಡು ಕ್ಯಾನಿಂಗ್ ನದಿಯ ಆಚೆ ದಡ ಮುಟ್ಟಿ ವಾಪಸು ಬಂದಳು! ಹನ್ನೊಂದು ವರ್ಷದ ಹುಡುಗಿ! ನಾನು ಎಷ್ಟು ಜೋರಾಗಿ ಚಪ್ಪಾಳೆ ತಟ್ಟಿದೆನೆಂದರೆ, ಪಕ್ಕದಲ್ಲಿ ಗಾಳ ಹಾಕಿಕೊಂಡಿದ್ದ ಬಿಳಿಯ ಮುದುಕ ಮೀನೆಲ್ಲ ಓಡಿಹೋಯಿತು ಎಂಬಂತೆ ನನ್ನನ್ನು ನೋಡಿದ. ನೋಡಲಿ. ನಮ್ಮ ವಂಶದಲ್ಲಿ ನದಿ ದಾಟಿಸಿಕೊಂಡವರಿದ್ದಾರೆ, ತಾನೇ ದಾಟಿದವಳು ಇವಳೊಬ್ಬಳೇ.

ಆದರೆ ಈ ಸಂತೋಷಕ್ಕೆ ಮುಂಚೆ ಮೂರು ವಾರ ನಾನು ಬರೀ ಸಿಟ್ಟಿನಲ್ಲೇ ಬದುಕಿದ್ದೇನೆ.

ಅಳಿಯಂದಿರು ಇಲ್ಲಿ ಪರ್ತ್‌ನಲ್ಲಿ ಗಣಿ ಕಂಪನಿಯ ಜಿಯಾಲಜಿಸ್ಟ್. ಎರಡು ವಾರ ಗಣಿ, ಒಂದು ವಾರ ಮನೆ. ಹೋದ ವರ್ಷ ಮೊಮ್ಮಗಳಿಗೆಂದು ಚಿಕ್ಕದೊಂದು ಅಲ್ಯುಮಿನಿಯಂ ದೋಣಿ ತಂದರು. ಇಲ್ಲಿ ಮಳೆ ಹಿಡಿಯುವುದು ಚಳಿಗಾಲದಲ್ಲಿ, ಅಂದರೆ ಜೂನ್‌ನಿಂದ ಆಗಸ್ಟ್‌ವರೆಗೆ. ಆಗ ದೋಣಿ ಮನೆ ಪಕ್ಕದ ಓಣಿಯಲ್ಲಿರುತ್ತದೆ. ಮೇ ತಿಂಗಳಲ್ಲೇ ಹೇಳಿದ್ದೆ.

“ಅಳಿಯಂದ್ರೇ, ಅದನ್ನ ಬೋರಲು ಹಾಕ್ಬಿಡಿ. ಪಾತ್ರೆ ತೊಳೆದ್ಮೇಲೆ ಬೋರಲು ಹಾಕಲ್ವಾ, ಹಂಗೆ.”

“ಹಾಕ್ತೀನಿ ಮಾವ. ಮುಂದಿನ ಸಲ ಬಂದಾಗ.”

ಮುಂದಿನ ಸಲ, ಅದರ ಮುಂದಿನ ಸಲ ಎನ್ನುತ್ತಾ ಆಗಸ್ಟ್ ಮುಗಿಯಿತು. ನನ್ನೊಬ್ಬನ ಕೈಗೆ ಅದು ಅಲುಗುವುದಿಲ್ಲ. ಬೋರಲು ಹಾಕುವುದಿರಲಿ, ನೀರು ಹರಿದುಹೋಗಲೆಂದು ಹಿಂಬದಿಯಲ್ಲಿರುವ ಬಿರಡೆಯನ್ನೂ ಅವರು ತೆಗೆದಿರಲಿಲ್ಲ. ಟಾರ್ಪಾಲು ಗಾಳಿಗೆ ಹಾರಿ ಬೇಲಿಗೆ ಸಿಕ್ಕಿಕೊಂಡಿತ್ತು. ಸುರಿದ ಮಳೆಯೆಲ್ಲ ದೋಣಿಯೊಳಗೇ ನಿಂತು, ನೀಲಗಿರಿ ಎಲೆ ಕೊಳೆತು, ಕಷಾಯದಂತಾಗಿತ್ತು.

ಮಳೆ ನಿಂತ ಮೊದಲ ಭಾನುವಾರ ಒಬ್ಬಳೇ ನಡೆಸಬಹುದು ಎಂದು ಅಪ್ಪ ಮಗಳಿಗೆ ಮಾತು ಕೊಟ್ಟಿದ್ದರು. ಚಳಿಗಾಲವಿಡೀ ಅವಳು ಅಡುಗೆಮನೆಯಲ್ಲಿ ಸ್ಟೂಲಿನ ಮೇಲೆ ಕೂತು, ಎರಡು ಪೊರಕೆ ಹಿಡಿದು ಅಭ್ಯಾಸ ಮಾಡಿದ್ದಳು. ಆ ಭಾನುವಾರ ಬಂತು. ನೀರು ಬಳಿದುಹಾಕಿ ದೋಣಿಯನ್ನು ನದಿಗೆ ಒಯ್ದೆವು. ಹತ್ತು ಮಾರು ಹೋಗಿಲ್ಲ, “ಡ್ಯಾಡ್! ನೀರು ಬರ್ತಿದೆ!” ಎಂದು ಕಿರುಚಿದಳು. ಅಳಿಯಂದಿರು ಪ್ಯಾಂಟು ಸಮೇತ ನೀರಿಗಿಳಿದು ಎಳೆದು ತಂದರು.

ಚಳಿಗಾಲವಿಡೀ ನಿಂತ ನೀರೇ ತಳ ತಿಂದಿದೆ ಎಂದು ದಡದಲ್ಲೇ ಅಳಿಯಂದಿರ ಮೇಲೆ ಹರಿಹಾಯ್ದೆ.

“ಕಲ್ಲು ಮಣ್ಣು ಎಲ್ಲಾ ಓದೋಕೆ ಬರುತ್ತೆ, ಒಂದು ಬಿರಡೆ ಕೀಳೋಕೆ ಬರಲ್ವೇನ್ರೀ? ಮಗೂಗೆ ಮಾತು ಕೊಟ್ಟು ಹಿಂಗಾ ಮಾಡೋದು?”

“ತಪ್ಪಾಯ್ತು ಮಾವ.”

“ತಪ್ಪಾಯ್ತಂತೆ! ನಡುನೀರಲ್ಲಿ ಮುಳುಗಿದ್ರೆ ಯಾರಿಗೆ ಹೇಳ್ತಿದ್ರಿ ತಪ್ಪಾಯ್ತು ಅಂತ?”

ಮಗಳು ನನ್ನ ತೋಳು ಹಿಡಿದಳು. “ಸಾಕಪ್ಪಾ. ಕಾರಲ್ಲಿ ಅವಳು ಕೇಳಿಸ್ಕೊಳ್ತಿದಾಳೆ.”

ಕೇಳಿಸಿಕೊಂಡಿದ್ದಳು. ಮಾರನೆಯ ದಿನ ಅಪ್ಪ ಗಣಿಗೆ ಹೊರಟಾಗ ಟಾಟಾ ಮಾಡಲು ಬರಲಿಲ್ಲ. ಅಲ್ಲಿಂದ ಫೋನು ಬಂದರೆ “ಐಮ್ ಬಿಸಿ” ಎಂದು ಎದ್ದುಹೋಗುತ್ತಿದ್ದಳು.

ಮಂಗಳವಾರ ದೋಣಿಯ ತಳದ ಹಲಗೆ ಎತ್ತಿ ತೊಳೆಯೋಣವೆಂದು ಓಣಿಗೆ ಹೋದೆ. ಹಲಗೆಯ ಅಡಿಯಲ್ಲಿ ಹಸಿರು ಕಿಲುಬು. ಮೈಸೂರಿನಲ್ಲಿ ಬೀದಿ ಬೀದಿ ತಿರುಗಿ ನಲವತ್ತು ವರ್ಷ ತಾಮ್ರದ ಪಾತ್ರೆಗೆ ಕಲಾಯಿ ಹಾಕಿದವನು ನಾನು. ಆ ಹಸಿರು ಏನೆಂದು ನನಗೆ ಯಾರೂ ಹೇಳಬೇಕಾಗಿಲ್ಲ. ಅದು ನನ್ನದೇ ತಾಮ್ರ. ಹೋದ ವರ್ಷ ಆಯುಧಪೂಜೆಗೆ ಕಾರು, ದೋಣಿ ಎಲ್ಲಕ್ಕೂ ಕುಂಕುಮ ಇಟ್ಟ ದಿನ, ಊರಿಂದ ತಂದಿದ್ದ ತಾಮ್ರದ ತಗಡಿನ ಮೇಲೆ ಓಂ ಎಂದು ಕೊರೆದು, ನೀರಿನಲ್ಲಿ ಮಗುವಿಗೆ ಏನೂ ಆಗದಿರಲಿ ಎಂದು ಅಲ್ಲಿ ಸೇರಿಸಿದ್ದೆ. ಮಗಳು ನಗುತ್ತಾಳೆಂದು ಯಾರಿಗೂ ಹೇಳಿರಲಿಲ್ಲ.

ತಗಡು ಎತ್ತಿದೆ. ಸರಿಯಾಗಿ ಅದರ ಅಳತೆಗೆ ದೋಣಿಯ ತಳ ಸುಣ್ಣದಂತೆ ಬೆಳ್ಳಗೆ ಪುಡಿಯಾಗಿತ್ತು. ಬೆರಳಲ್ಲಿ ಒರೆಸಿದರೆ ಸಾಸಿವೆ ಕಾಳಿನಷ್ಟು ಮೂರು ತೂತು. ಅದೇ ನೀರಿನಲ್ಲಿ ನೆನೆದ ಉಳಿದ ತಳವೆಲ್ಲ ಗಟ್ಟಿಯಾಗಿತ್ತು. ನೀರಲ್ಲಿ ಕೂತು ತಾಮ್ರ ಅಲ್ಯುಮಿನಿಯಂ ಅನ್ನು ತಿಂದುಹಾಕಿತ್ತು.

ಆ ತಗಡನ್ನು ಗೋಡೆಗೆ ಬೀಸಿ ಹೊಡೆದೆ. ಹಾಗೆಂದು ಬಾಯಿ ಬಿಟ್ಟೆನೇ? ಇಲ್ಲ. ಹೆಕ್ಕಿ ಜೇಬಿಗೆ ಹಾಕಿಕೊಂಡೆ. ಬಿರಡೆ ತೆಗೆದಿದ್ದರೆ ನೀರೇ ನಿಲ್ಲುತ್ತಿರಲಿಲ್ಲವಲ್ಲ ಎಂದು ಅಳಿಯನ ಮೇಲೇ ಹಲ್ಲು ಕಡಿಯುತ್ತಾ ಕಾಲ ತಳ್ಳಿದೆ. ಅದೇನೂ ಸುಳ್ಳಲ್ಲ. ಆದರೆ ಪೂರ್ತಿ ನಿಜವೂ ಅಲ್ಲ.

ಅಳಿಯಂದಿರು ವಾಪಸು ಬಂದ ದಿನ ಮೊಮ್ಮಗಳು ಕೋಣೆಯಿಂದ ಹೊರಗೆ ಬರಲಿಲ್ಲ. ಬೂಟಿನಲ್ಲಿ ಗಣಿಯ ಕೆಂಪು ಮಣ್ಣು ಹೊತ್ತು ಬಂದ ಮನುಷ್ಯ ಬಾಗಿಲ ಹತ್ತಿರ ನಿಂತು, “ಪುಟ್ಟಾ, ಸಾರಿ ಕಣೋ” ಎನ್ನುತ್ತಿದ್ದರು. ಒಳಗಿನಿಂದ, “ಯೂ ಪ್ರಾಮಿಸ್ಡ್!” ನದಿ ದಡದಲ್ಲಿ ನಾನು ಆಡಿದ ಮಾತೇ, ಇಂಗ್ಲಿಷಿನಲ್ಲಿ.

ಇನ್ನು ತಡೆಯಲಾಗಲಿಲ್ಲ. ತಗಡನ್ನು ಮೇಜಿನ ಮೇಲೆ ಕುಕ್ಕಿದೆ.

“ಬಾರೇ ಆಚೆ! ಅಪ್ಪನ ಮೇಲೆ ಯಾಕೆ ಮುನಿಸು? ತೂತು ಮಾಡಿದ್ದು ಈ ಮುದುಕ!”

ಎಲ್ಲವನ್ನೂ ಹೇಳಿದೆ. ಅಳಿಯಂದಿರು ತಗಡನ್ನು ತಿರುಗಿಸಿ ತಿರುಗಿಸಿ ನೋಡಿದರು.

“ತಾಮ್ರ, ಅಲ್ಯುಮಿನಿಯಂ, ನಡುವೆ ನೀರು. ಬ್ಯಾಟರಿ ಥರ ಆಗ್ಬಿಟ್ಟಿದೆ ಮಾವ. ಆದ್ರೂ ನೀರು ನಿಲ್ಲೋ ಹಾಗೆ ಮಾಡಿದ್ದು ನಾನೇ ಅಲ್ವಾ?”

“ಆವತ್ತು ನಾನು ಅಷ್ಟು ಬೈದೆನಲ್ರೀ! ಈಗ ನೀವು ತಿರುಗಿಸಿ ಬೈಯ್ರೀ!”

“ನಿಮ್ಮಷ್ಟು ಪ್ರಾಕ್ಟೀಸ್ ಇಲ್ಲ ಮಾವ.”

ಮಗಳು ಅಡುಗೆಮನೆಯಿಂದ ಕಿಸಕ್ಕನೆ ನಕ್ಕಳು. ನನಗೆ ಮೈಯೆಲ್ಲ ಉರಿಯಿತು. ಬೈಸಿಕೊಂಡಿದ್ದರೆ ಹಗುರಾಗುತ್ತಿದ್ದೆ.

ಮೊಮ್ಮಗಳು ಬಾಗಿಲಲ್ಲಿ ನಿಂತಿದ್ದಳು. ತೂತಿನ ಮಾತನ್ನೇ ಎತ್ತಲಿಲ್ಲ. “ತಾತಾ, ಟೂ ವೀಕ್ಸ್ ನಿನಗೆ ಗೊತ್ತಿತ್ತಾ?” ಎಂದಳು. ಹೋಗಿ ಅಪ್ಪನ ಸೊಂಟ ತಬ್ಬಿಕೊಂಡಳು. ನಾಲ್ಕು ದಿನ ನನ್ನ ಹತ್ತಿರ ಮಾತಿಲ್ಲ.

ನನ್ನ ಕಲಾಯಿಯ ತವರ ಅಲ್ಯುಮಿನಿಯಂಗೆ ಹಿಡಿಯುವುದಿಲ್ಲ. ದೋಣಿ ರಿಪೇರಿಯವನು ಆ ಜಾಗ ಕತ್ತರಿಸಿ ಹೊಸ ತುಂಡು ವೆಲ್ಡ್ ಮಾಡಿಕೊಟ್ಟ. ಇವತ್ತು ಬೆಳಗ್ಗೆ ಅಳಿಯಂದಿರು ದೋಣಿ ತಳ್ಳಿದಾಗ ನಾನು ಅವಳ ಕಾಲನ್ನೇ ನೋಡುತ್ತಿದ್ದೆ. ಹೋಗಿ ಬಂದಳು. ಕಾಲುಚೀಲ ಒಂದಿಷ್ಟೂ ನೆನೆದಿರಲಿಲ್ಲ.

ಸಂಜೆ ಮುದ್ದೆ, ಬಸ್ಸಾರು. ನಾಲ್ವರೂ ಮೇಜಿಗೆ ಕೂತೆವು. ಹುಟ್ಟು ಹಾಕಿ ಹಾಕಿ ಅವಳ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ಬಿಸಿ ಮುದ್ದೆ ಮುಟ್ಟಿ ಕೈ ಹಿಂದಕ್ಕೆಳೆದುಕೊಂಡಳು. ಪಕ್ಕದಲ್ಲಿ ಅಪ್ಪ ಇದ್ದರು. ಆದರೂ ತಟ್ಟೆಯನ್ನು ನನ್ನ ಕಡೆ ತಳ್ಳಿದಳು.

“ತಾತಾ, ಮುರಿದುಕೊಡು.”

“ಸಿಟ್ಟು ಹೋಯ್ತಾ?”

“ಅ ಬಿಟ್ ಇದೆ.”

“ನಂಗೂ ಇದೆ, ನನ್ಮೇಲೇ.”

“ಇಬ್ರೂ ಬಾಯಿ ಮುಚ್ಕೊಂಡು ತಿನ್ನಿ, ಸಾರು ಆರೋಗುತ್ತೆ” ಎಂದಳು ಮಗಳು.

ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ ಅದ್ದಿ ಅವಳ ಬಾಯಿಗಿಟ್ಟೆ. ಎಲ್ಲರೂ ತಿಂದೆವು.